ಗಂಟಲಲ್ಲಿ ಎರಡು ದಾರಿ

ಊಟ ಮಾಡುವಾಗ ಮಾತಾಡುತ್ತೇವೆ, ನಗುತ್ತೇವೆ. ಥಟ್ಟನೆ ಕೆಮ್ಮು ಬರುತ್ತೆ. ಕಣ್ಣಲ್ಲಿ ನೀರು ತುಂಬುತ್ತೆ. “ನೆತ್ತಿಗೆ ಹತ್ತಿತು, ಯಾರೋ ನೆನೆಸ್ತಾ ಇದಾರೆ” ಅಂತ ತಲೆ ತಟ್ಟುತ್ತೇವೆ. ಅನ್ನ ನಿಜವಾಗಿ ನೆತ್ತಿಗೆ ಹೋಯಿತೇ? ಇಲ್ಲ. ಅದು ಗಂಟಲಲ್ಲಿ ದಾರಿ ತಪ್ಪಿತು.

ಗಂಟಲಿನ ಕೆಳಗೆ ಎರಡು ಕೊಳವೆಗಳಿವೆ. ಮುಂದಿನದು ಶ್ವಾಸನಾಳ. ಅದರಲ್ಲಿ ಉಸಿರು ಹೋಗಿ ಬರುತ್ತದೆ. ಹಿಂದಿನದು ಅನ್ನನಾಳ. ಅದು ಅನ್ನ, ನೀರನ್ನು ಹೊಟ್ಟೆಗೆ ಇಳಿಸುತ್ತದೆ.

ಕತ್ತಿನ ಮುಂಭಾಗ ಮುಟ್ಟಿ ನೋಡೋಣ. ಗಟ್ಟಿಯಾಗಿ ಸಿಗುವುದು ಧ್ವನಿಪೆಟ್ಟಿಗೆ. “ಅಮ್ಮಾ” ಅನ್ನೋಣ. ಬೆರಳಿಗೆ ನಡುಕ ಗೊತ್ತಾಗುತ್ತೆ. ನಮ್ಮ ದನಿ ಹುಟ್ಟುವುದು ಇಲ್ಲೇ. ಈಗ ಎಂಜಲು ನುಂಗೋಣ. ಅದು ಮೇಲೇರಿ ಇಳಿಯುತ್ತೆ. ನುಂಗುವಾಗ ಒಂದು ಪುಟ್ಟ ಮುಚ್ಚಳ ಉಸಿರಿನ ದಾರಿಯನ್ನು ಮುಚ್ಚುತ್ತದೆ.

ತುತ್ತು ನುಂಗುವಾಗ ನಕ್ಕರೆ, ಮಾತಾಡಿದರೆ ಮುಚ್ಚಳ ಸರಿಯಾಗಿ ಮುಚ್ಚುವುದಿಲ್ಲ. ಅಗುಳು ಉಸಿರಿನ ದಾರಿಗೆ ಜಾರುತ್ತೆ. ಕೆಮ್ಮು ಅದನ್ನು ಹೊರಗೆ ತಳ್ಳುತ್ತೆ. ಕೆಮ್ಮು ನಮ್ಮ ಕಾವಲುಗಾರ.

ಮಕ್ಕಳ ಶ್ವಾಸನಾಳ ಬಹಳ ಕಿರಿದು. ಕಡಲೆಕಾಯಿ ಬೀಜ, ಹುಣಸೆ ಬೀಜ, ಗುಂಡಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. 5 ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಬೇಡ. ಪುಡಿ ಮಾಡಿ ಕೊಡೋಣ. ಅಳುವ ಮಗುವಿನ ಬಾಯಿಗೆ ತುತ್ತು ತುರುಕುವುದು ಬೇಡ. ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಿಂದ ಬಲವಂತವಾಗಿ ಹುಯ್ಯುವುದೂ ಬೇಡ.

ಸಿಕ್ಕಿಕೊಂಡರೆ ಏನು ಮಾಡೋಣ?

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡೋಣ. ಕೆಮ್ಮಲೂ ಆಗದೆ, ಅಳಲೂ ಆಗದೆ ಒದ್ದಾಡಿದರೆ ಒಂದು ಗಳಿಗೆಯೂ ಕಾಯಬಾರದು. ಜನರನ್ನು ಕೂಗೋಣ. 108ಕ್ಕೆ ಫೋನು ಮಾಡಿಸೋಣ. ಮಗುವನ್ನು ತೊಡೆಯ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ ಹಿಡಿಯೋಣ. ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ 5 ಸಲ ಹೊಡೆಯೋಣ.

ಹೊರಗೆ ಬರಲಿಲ್ಲವೇ? ವರ್ಷ ತುಂಬದ ಕೂಸಾದರೆ ಅಂಗಾತ ತಿರುಗಿಸಿ, ಎದೆಯ ನಡುವೆ ಒಂದು ಅಂಗೈ ಬುಡದಿಂದ 5 ಸಲ ಒತ್ತೋಣ. ದೊಡ್ಡ ಮಗುವಾದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಒತ್ತೋಣ. ವಸ್ತು ಹೊರಬರುವ ತನಕ ಎರಡನ್ನೂ ಒಂದಾದ ಮೇಲೊಂದು ಮಾಡೋಣ. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯಿಗೆ ಬೆರಳು ಹಾಕಬಾರದು. ಅದು ಇನ್ನೂ ಒಳಗೆ ಹೋದೀತು. ನೀರು ಕುಡಿಸಬಾರದು.

ಇದನ್ನು ಓದಿದರೆ ಸಾಲದು. ನರ್ಸಮ್ಮನನ್ನು ಕೇಳಿ, ಗೊಂಬೆಯ ಮೇಲೆ ಮಾಡಿ ಕಲಿಯೋಣ.

ಯೋಚಿಸಿ ಬರೆಯೋಣ

1. “ನೆತ್ತಿಗೆ ಹತ್ತಿತು” ಅಂದಾಗ ಅನ್ನ ಯಾವ ದಾರಿಗೆ ಹೋಗಿರುತ್ತದೆ?
2. ನಮ್ಮ ಮನೆಯಲ್ಲಿ ಮಗುವಿನ ಕೈಗೆ ಸಿಗುವ ಚಿಕ್ಕ ವಸ್ತುಗಳು ಯಾವುವು?