ತೆರೆಯದ ಬಾಟಲಿಯಲ್ಲೂ ಸೋಂಕು: ಸದಸ್ಯರು ಅರಿಯಬೇಕಾದ ಪಾಠ

2006ರ ಆಗಸ್ಟ್‌ನಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾ ನಗರದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ, 18 ದಿನಗಳ ಅವಧಿಯಲ್ಲಿ, 5 ರೋಗಿಗಳಲ್ಲಿ ‘ಬರ್ಕ್‌ಹೋಲ್ಡೇರಿಯಾ ಸೆಪಾಸಿಯಾ’ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಮೂವರಲ್ಲಿ ಅದು ರಕ್ತವನ್ನೇ ಸೇರಿತ್ತು. ಪರಿಶೀಲಿಸಲಾಗಿ, ರೋಗಿಗಳ ಮೈಗೆ ಹಚ್ಚುತ್ತಿದ್ದ ಲೋಷನ್ನಿನಲ್ಲಿ ಅದೇ ಬ್ಯಾಕ್ಟೀರಿಯಾ ಕಂಡುಬಂದಿತು. ಇನ್ನೂ ತೆರೆಯದ ಬಾಟಲಿಗಳಲ್ಲಿಯೂ ಅದು ಇತ್ತು. ಲೋಷನ್ ಬಳಕೆ ನಿಲ್ಲಿಸಿದ ಬಳಿಕ ಹೊಸ ಪ್ರಕರಣಗಳು ವರದಿಯಾಗಲಿಲ್ಲ.

ಆರೋಗ್ಯವಂತರಿಗೆ ಈ ಬ್ಯಾಕ್ಟೀರಿಯಾದಿಂದ ಅಪಾಯ ವಿರಳ. ಆದರೆ ಸೂಜಿ, ಕೊಳವೆಗಳನ್ನು ಅಳವಡಿಸಿದ ನಿಶ್ಶಕ್ತ ರೋಗಿಗೆ ಅದು ಪ್ರಾಣಾಪಾಯ ತರಬಲ್ಲದು. ಲೋಷನ್, ಕ್ರೀಮುಗಳು ಚುಚ್ಚುಮದ್ದಿನಂತೆ ಕ್ರಿಮಿಶುದ್ಧವಾದ ವಸ್ತುಗಳಲ್ಲ.

ಆದುದರಿಂದ, ತೀವ್ರ ನಿಗಾದಲ್ಲಿರುವ ರೋಗಿಗೆ ಮನೆಯಿಂದ ಒಯ್ದ ಲೋಷನ್ ಅಥವಾ ಎಣ್ಣೆಯನ್ನು ವೈದ್ಯರ ಅನುಮತಿಯಿಲ್ಲದೆ ಹಚ್ಚಬಾರದೆಂದು ಮಾನ್ಯ ಸದಸ್ಯರು ಗ್ರಾಮಸಭೆಯಲ್ಲಿ ತಿಳಿಯಪಡಿಸತಕ್ಕದ್ದು.