ಭಾಷಾ ಪಾಠ: ಶಸ್ತ್ರಚಿಕಿತ್ಸೆಗೆ ಮುನ್ನ ನೀಡುವ ಆಹಾರ ಸೂಚನೆಗಳ ಇಂಗ್ಲಿಷ್ ವಾಕ್ಯಗಳು – ತಪ್ಪು ಮತ್ತು ತಿದ್ದುಪಡಿ



ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ರೋಗಿಯ ಕೈಗೆ ಆಸ್ಪತ್ರೆಯವರು ಒಂದು ಚೀಟಿಯನ್ನು ಕೊಟ್ಟು ಕಳುಹಿಸುವುದು ವಾಡಿಕೆ. ಏನನ್ನು ತಿನ್ನಬಹುದು, ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಎಂಬುದು ಅದರಲ್ಲಿ ಅನೇಕ ವೇಳೆ ಇಂಗ್ಲಿಷಿನಲ್ಲಿಯೇ ಇರುತ್ತದೆ. ಅದನ್ನು ಓದಿಸಿಕೊಳ್ಳಲು ಜನರು ಬರುವುದು ಆಶಾ ಕಾರ್ಯಕರ್ತೆಯರ ಬಳಿಗೆ, ಇಲ್ಲವೇ ತಮ್ಮ ಸದಸ್ಯರ ಮನೆ ಬಾಗಿಲಿಗೆ. ಅಂತಹ ಚೀಟಿಗಳ ಕೆಲವು ವಾಕ್ಯಗಳನ್ನು ಈ ಪಾಠದಲ್ಲಿ ಪರಿಶೀಲಿಸಲಾಗಿದೆ.

ಉಪವಾಸದ ಕಾರಣವನ್ನು ಮೊದಲು ತಿಳಿಯುವುದು ಒಳ್ಳೆಯದು. ಅರಿವಳಿಕೆಯಿಂದ ಪ್ರಜ್ಞೆ ತಪ್ಪಿದಾಗ ಕೆಮ್ಮುವ, ನುಂಗುವ ಸಹಜ ರಕ್ಷಣೆ ಸಡಿಲಗೊಳ್ಳುತ್ತದೆ. ಹೊಟ್ಟೆಯಲ್ಲಿರುವ ಆಹಾರವು ಮೇಲೇರಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೆ ಅಪಾಯ. ಆದ್ದರಿಂದ ಸಾಮಾನ್ಯವಾಗಿ ಲಘು ಆಹಾರವನ್ನು ಅರಿವಳಿಕೆಗೆ 6 ಗಂಟೆ ಮುನ್ನ, ಎದೆಹಾಲನ್ನು 4 ಗಂಟೆ ಮುನ್ನ, ನೀರನ್ನು 2 ಗಂಟೆ ಮುನ್ನ ನಿಲ್ಲಿಸುತ್ತಾರೆ. ಎಣ್ಣೆ, ಮಾಂಸದ ಊಟಕ್ಕೆ ಇನ್ನೂ ಹೆಚ್ಚು ಸಮಯ ಬೇಕು. ಯಾವ ರೋಗಿಗೆ ಎಷ್ಟು ಎಂಬುದನ್ನು ನಿರ್ಧರಿಸುವವರು ವೈದ್ಯರೇ. ಸಕ್ಕರೆ ಕಾಯಿಲೆಯವರ ಮಾತ್ರೆಗಳ ವಿಷಯವನ್ನೂ ಅವರನ್ನೇ ಕೇಳಬೇಕು.

ಈಗ ಮೊದಲ ವಾಕ್ಯ: "ಡೋಂಟ್ ಈಟ್ ಟಿಲ್ ಟ್ವೆಲ್ವ್ ನೈಟ್." ಹಲವು ವರ್ಷಗಳ ಹಿಂದೆ ನನ್ನ ತಂದೆಯವರ ಹರ್ನಿಯಾ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ನಮಗೆ ದೊರೆತ ಚೀಟಿಯಲ್ಲಿ ಇದೇ ವಾಕ್ಯವಿತ್ತು. 'ಟಿಲ್' ಎಂದರೆ 'ವರೆಗೆ'. ರಾತ್ರಿ 12ರವರೆಗೆ ತಿನ್ನಬೇಡಿ ಎಂದು ನಾವು ಅಕ್ಷರಶಃ ಅರ್ಥ ಮಾಡಿಕೊಂಡು, ಸಂಜೆಯಿಂದ ಅವರನ್ನು ಹಸಿದಿರಿಸಿ, ಹನ್ನೆರಡೂವರೆಗೆ ಎಬ್ಬಿಸಿ ರಾಗಿ ಗಂಜಿ ಕುಡಿಸಿದೆವು. ನಸುಕಿನ 4ಕ್ಕೆ ಹಾಲು ಹಾಕಿದ ಕಾಫಿಯನ್ನೂ ಕೊಟ್ಟೆವು. ಬೆಳಿಗ್ಗೆ 7ಕ್ಕೆ ಅರಿವಳಿಕೆ ವೈದ್ಯರು ವಿಚಾರಿಸಿ, ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು. ಅವರು ವಿಚಾರಿಸಿದ್ದು ನಮ್ಮ ಪುಣ್ಯ. ಬರೆದವರ ಮನಸ್ಸಿನಲ್ಲಿದ್ದುದು '12ರವರೆಗೆ ತಿನ್ನಬಹುದು, ಅನಂತರ ಕೂಡದು' ಎಂಬುದು. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಿದ್ದರಿಂದ ಅರ್ಥ ತಲೆಕೆಳಗಾಯಿತು. ಸರಿಯಾದ ರೂಪ: "ಡೋಂಟ್ ಈಟ್ ಎನಿಥಿಂಗ್ ಆಫ್ಟರ್ ಟ್ವೆಲ್ವ್ ಅಟ್ ನೈಟ್." 'ಒಳಗೆ ಊಟ ಮುಗಿಸಿ' ಎನ್ನಬೇಕಾದರೆ 'ಬೈ' ಬಳಸಬೇಕು: "ಫಿನಿಶ್ ಯುವರ್ ಮೀಲ್ ಬೈ ಟೆನ್." ಒಂದು ಹೊತ್ತಿನ ಊಟಕ್ಕೆ 'ಮೀಲ್' ಎಂಬ ಏಕವಚನವೇ ಸಾಕು, 'ಮೀಲ್ಸ್' ನಮ್ಮ ಹೋಟೆಲಿನ ಫಲಕಕ್ಕೆ ಒಪ್ಪುವ ಮಾತು.

'ಮಂಡೇ ಮಿಡ್‌ನೈಟ್' ಎಂಬುದೂ ಗೊಂದಲಕಾರಿ. ಅದು ಸೋಮವಾರ ಆರಂಭವಾಗುವ ಮಧ್ಯರಾತ್ರಿಯೋ, ಮುಗಿಯುವ ಮಧ್ಯರಾತ್ರಿಯೋ ತಿಳಿಯದು. 'ಸಂಡೇ ನೈಟ್, ಇಲೆವೆನ್ ಓ ಕ್ಲಾಕ್' ಎಂಬಂತೆ ವಾರ, ಹೊತ್ತು, ಗಂಟೆ ಮೂರನ್ನೂ ಕಾಣಿಸಿದರೆ ಸಂದೇಹವಿರದು.

ಎರಡನೆಯದು: "ಡು ನಾಟ್ ಟೇಕ್ ಫುಡ್ ಅಂಡ್ ವಾಟರ್." ಎರಡನ್ನೂ ಒಟ್ಟಿಗೆ ಸೇವಿಸಬೇಡಿ, ಬೇರೆ ಬೇರೆಯಾಗಿ ಆಗಬಹುದು ಎಂಬ ಅರ್ಥಕ್ಕೂ ಇದು ಎಡೆ ಕೊಡುತ್ತದೆ. ನಿಷೇಧವಾಕ್ಯದಲ್ಲಿ 'ಆರ್' ಬರಬೇಕು: "ಡು ನಾಟ್ ಟೇಕ್ ಫುಡ್ ಆರ್ ವಾಟರ್." ಕನ್ನಡದಲ್ಲಿ 'ಅನ್ನವನ್ನಾಗಲಿ ನೀರನ್ನಾಗಲಿ' ಎನ್ನುವುದಿಲ್ಲವೇ, ಅದೇ ಕ್ರಮ.

"ಡು ನಾಟ್ ಈಟ್ ಅನ್‌ಲೆಸ್ ಡಾಕ್ಟರ್ ಡಸಂಟ್ ಟೆಲ್" ಎಂಬುದು 'ವೈದ್ಯರು ಹೇಳದ ಹೊರತು' ಎಂಬ ನಮ್ಮ ಮಾತಿನ ನೇರ ಭಾಷಾಂತರ. 'ಅನ್‌ಲೆಸ್'ನಲ್ಲಿಯೇ ನಿಷೇಧ ಅಡಗಿದೆ; "ಅನ್‌ಲೆಸ್ ದಿ ಡಾಕ್ಟರ್ ಟೆಲ್ಸ್ ಯು ಟು" ಎಂದರೆ ಸಾಕು. "ಶುಡ್ ನಾಟ್ ಈಟನ್" ಎಂಬಲ್ಲಿ 'ಶುಡ್' ಪಕ್ಕದಲ್ಲಿ ಮೂಲರೂಪವಾದ 'ಈಟ್' ಇರಬೇಕು. ಈ ಕೊನೆಯ ತಪ್ಪಿನಿಂದ ಅರ್ಥವೇನೂ ಕೆಡುವುದಿಲ್ಲ.

ರೋಗಿಯ ಪರವಾಗಿ ಸದಸ್ಯರೇ ಆಸ್ಪತ್ರೆಗೆ ಬರೆದು ತಿಳಿಸುವ ಸಂದರ್ಭವೂ ಉಂಟು. "ಹಿ ಡ್ರ್ಯಾಂಕ್ ಲಿಟಲ್ ವಾಟರ್" ಎಂದರೆ ನೀರನ್ನು ಕುಡಿದೇ ಇಲ್ಲ ಎನ್ನುವಷ್ಟು ಕಡಿಮೆ ಎಂದಾಗುತ್ತದೆ. "ಎ ಲಿಟಲ್ ವಾಟರ್" ಎಂದರೆ ಸ್ವಲ್ಪ ಕುಡಿದಿದ್ದಾರೆ ಎಂದು. ಒಂದು ಅಕ್ಷರದ ಈ ಅಂತರವನ್ನು ಅಲ್ಲಿ ಅಲಕ್ಷಿಸುವಂತಿಲ್ಲ. ಹಾಗೆಯೇ ಅವಧಿಗೆ 'ಫಾರ್', ಆರಂಭದ ವೇಳೆಗೆ 'ಸಿನ್ಸ್': "ಫಾರ್ ಏಟ್ ಅವರ್ಸ್", "ಸಿನ್ಸ್ ಟೆನ್ ಲಾಸ್ಟ್ ನೈಟ್."

'ಕ್ಲಿಯರ್ ಲಿಕ್ವಿಡ್ಸ್' ಎಂಬುದು ವ್ಯಾಕರಣದ ಮಾತಲ್ಲವಾದರೂ ಇಲ್ಲಿಯೇ ಹೇಳಬೇಕು. ನೀರು, ಹಾಲು ಹಾಕದ ಕಾಫಿ ಅಥವಾ ಚಹಾ ಅದರಲ್ಲಿ ಸೇರುತ್ತವೆ. ಹಾಲು, ಮಜ್ಜಿಗೆ, ಗಂಜಿ ಎಷ್ಟೇ ತೆಳುವಾಗಿದ್ದರೂ ಸೇರುವುದಿಲ್ಲ. ಚೀಟಿಯಲ್ಲಿ 'ಎನ್.ಪಿ.ಓ.' ಅಥವಾ 'ಎನ್.ಬಿ.ಎಂ.' ಎಂದಿದ್ದರೆ ಬಾಯಿಯ ಮೂಲಕ ಏನನ್ನೂ ಕೊಡಬಾರದೆಂದು ಅರ್ಥ. ಮೊದಲನೆಯದು ಲ್ಯಾಟಿನ್ ಪದಗಳ ಸಂಕ್ಷೇಪ.

ಅಭ್ಯಾಸ: "ಪೇಷೆಂಟ್ ಡಿಡ್ ನಾಟ್ ಏಟ್ ಎನಿಥಿಂಗ್ ಸಿನ್ಸ್ ಸಿಕ್ಸ್ ಅವರ್ಸ್ ಬಟ್ ಡ್ರ್ಯಾಂಕ್ ಲಿಟಲ್ ಮಿಲ್ಕ್ ಅಟ್ ಫೈವ್."

ಉತ್ತರ: "ದಿ ಪೇಷೆಂಟ್ ಹ್ಯಾಸ್ ನಾಟ್ ಈಟನ್ ಎನಿಥಿಂಗ್ ಫಾರ್ ಸಿಕ್ಸ್ ಅವರ್ಸ್, ಬಟ್ ಡ್ರ್ಯಾಂಕ್ ಎ ಲಿಟಲ್ ಮಿಲ್ಕ್ ಅಟ್ ಫೈವ್ ದಿಸ್ ಮಾರ್ನಿಂಗ್." ವಾಕ್ಯವನ್ನು ತಿದ್ದುವಾಗ ಹಾಲಿನ ಸಂಗತಿಯನ್ನು ಕೈಬಿಡಬಾರದು, ಅದನ್ನು ಅರಿವಳಿಕೆ ವೈದ್ಯರಿಗೆ ಬಾಯಿಮಾತಿನಲ್ಲಿಯೂ ತಿಳಿಸತಕ್ಕದ್ದು.