ನೀರು ನೋಡಿ ನೆಲ ಕೊಳ್ಳು

ಮಗೂ,

ನೀನೂ ನಿನ್ನಿಬ್ಬರು ಗೆಳೆಯರೂ ಸೇರಿ ಅರ್ಕಾನ್ಸಾದ ಸ್ಟಟ್‌ಗಾರ್ಟ್ ಕಡೆ ಬಾತು ಬೇಟೆಗೆಂದು ಜಮೀನು ನೋಡುತ್ತಿದ್ದೀರೆಂದು ನಿಮ್ಮಪ್ಪ ಹೇಳಿದ. ನೀನು ಕಳಿಸಿದ ಫೋಟೋಗಳನ್ನೂ ನೋಡಿದೆ. ಹತ್ತರಲ್ಲಿ ಎಂಟು ಬೇಟೆಗಾರರು ತಂಗುವ ಲಾಡ್ಜಿನವೇ. ಮರದ ಗೋಡೆ, ಕಲ್ಲಿನ ಅಗ್ಗಿಷ್ಟಿಕೆ, ಸಾಲು ಮಂಚಗಳು. ಬೇಡ ಎನ್ನಲು ಬರೆಯುತ್ತಿಲ್ಲ. ಈ ದೇಶದಲ್ಲಿ ಬಹಳ ಕಾಲ ಬಾಳಿದ ದೊಡ್ಡಪ್ಪನಾಗಿ ಒಂದು ಮಾತು ಹೇಳುತ್ತೇನೆ: ಲಾಡ್ಜನ್ನು ಎಂದಾದರೂ ಕಟ್ಟಿಕೊಳ್ಳಬಹುದು. ನೀರಿಲ್ಲದ ನೆಲಕ್ಕೆ ನೀರು ತರುವುದು ಅಷ್ಟು ಸುಲಭವಲ್ಲ. ಮೊದಲು ನೀರು ನೋಡು.

ಆ ಸೀಮೆಗೆ ಬಾತುಗಳು ಬರುವುದೇ ನೀರಿಗಾಗಿ. ಕೆನಡಾದಲ್ಲೂ ಉತ್ತರದ ಬಯಲುಗಳಲ್ಲೂ ಮರಿ ಮಾಡಿದ ಮಲ್ಲಾರ್ಡ್ ಬಾತುಗಳು ಚಳಿ ಹತ್ತಿದೊಡನೆ ಮಿಸಿಸಿಪಿ ನದಿಯ ಜಾಡು ಹಿಡಿದು ದಕ್ಷಿಣಕ್ಕೆ ಬರುತ್ತವೆ. ಕೊಯ್ಲಾದ ಭತ್ತದ ಗದ್ದೆಯಲ್ಲಿ ಉದುರಿದ ಕಾಳು, ನೀರು ನಿಂತ ಕಾಡಿನಲ್ಲಿ ಓಕ್ ಮರದ ಕಾಯಿ, ಇವೇ ಅವುಗಳ ಆಹಾರ. ಸ್ಟಟ್‌ಗಾರ್ಟ್‌ನಲ್ಲಿ 1936ರಿಂದ ಬಾತಿನ ಕೂಗು ಕೂಗುವ ಸ್ಪರ್ಧೆ ನಡೆದುಬಂದಿದೆ. ಊರಿನ ಬದುಕೇ ಭತ್ತ ಮತ್ತು ಬಾತಿನ ಮೇಲೆ ನಿಂತಿದೆ.

ಆದ್ದರಿಂದ ಜಮೀನಿಗೆ ಹೋದಾಗ ಲಾಡ್ಜಿನ ಬಾಗಿಲು ತೆರೆಯುವ ಮುನ್ನ ಏರಿಯ ಮೇಲೆ ನಡೆ. ತೂಬು ಎಲ್ಲಿದೆ, ಅದರ ಬಾಗಿಲು ಯಾರ ಕೈಯಲ್ಲಿದೆ? ನೀರು ಹಳ್ಳದಿಂದ ಬರುತ್ತದೋ, ಕೊಳವೆಬಾವಿಯಿಂದಲೋ, ಪಕ್ಕದವರ ಕಾಲುವೆಯಿಂದಲೋ? ಪಕ್ಕದವರದಾದರೆ ಆ ಹಕ್ಕು ಕ್ರಯಪತ್ರದಲ್ಲಿ ಬರೆದಿದೆಯೋ, ಬರೀ ಬಾಯಿಮಾತೋ? ಬಾಯಿಮಾತಿನ ನೀರು ಪಕ್ಕದ ಜಮೀನು ಕೈಬದಲಾದ ದಿನ ನಿಲ್ಲಬಹುದು. ಕೊಳವೆಬಾವಿಯಾದರೆ ಅದರ ಆಳ, ಪಂಪಿನ ಖರ್ಚು ಎರಡನ್ನೂ ಕೇಳು. ಸ್ಟಟ್‌ಗಾರ್ಟ್ ಇರುವ ಗ್ರ್ಯಾಂಡ್ ಪ್ರೇರಿ ಬಯಲಿನ ಅಂತರ್ಜಲ ಭತ್ತದ ಬೇಸಾಯದಿಂದಾಗಿ ದಶಕಗಳಿಂದ ಕುಸಿಯುತ್ತಲೇ ಇದೆ.

ನೀರು ತುಂಬಿಸುವುದಷ್ಟೇ ಮುಖ್ಯ ಅದನ್ನು ಇಳಿಸುವುದು. ಅಲ್ಲಿನ ಓಕ್ ಮರಗಳು ಎಲೆ ಉದುರಿಸಿ ಚಳಿಗಾಲದ ವಿಶ್ರಾಂತಿಗೆ ಜಾರಿದ ಮೇಲೆ ನಿಂತ ನೀರನ್ನು ತಾಳಿಕೊಳ್ಳುತ್ತವೆ. ಅದಕ್ಕೆ ಮೊದಲೇ ನೀರು ಕಟ್ಟಿದರೆ, ಅಥವಾ ವಸಂತದಲ್ಲಿ ಚಿಗುರುವ ಹೊತ್ತಿಗೂ ಬಿಡದಿದ್ದರೆ ಬೇರು ಉಸಿರುಗಟ್ಟುತ್ತದೆ. ಮರ ಒಂದೇ ವರ್ಷದಲ್ಲಿ ಸಾಯುವುದಿಲ್ಲ, ವರ್ಷವರ್ಷವೂ ಸೊರಗುತ್ತದೆ. ಬುಡ ಊದಿಕೊಂಡಿದೆಯೇ, ತುದಿಕೊಂಬೆ ಒಣಗಿದೆಯೇ, ಕೆಳಗೆ ಎಳೆ ಸಸಿಗಳಿವೆಯೇ ಎಂದು ಕಾಡಿನ ತಜ್ಞರೊಬ್ಬರನ್ನು ಕರೆದೊಯ್ದು ತೋರಿಸು. ಒಮ್ಮೆ ಸತ್ತ ಓಕ್ ಕಾಡು ನಿನ್ನ ಆಯುಸ್ಸಿನಲ್ಲಿ ಮರಳುವುದಿಲ್ಲ. ಜನವರಿಯಲ್ಲಿ ನೋಡಿದ ನೆಲವನ್ನು ಆಗಸ್ಟ್‌ನಲ್ಲೂ ನೋಡು. ನೀರಿಳಿದಾಗ ಏರಿಯ ಬಿರುಕು, ತುಕ್ಕು ಹಿಡಿದ ಕೊಳವೆ, ಮಣ್ಣು ತುಂಬಿದ ಕಾಲುವೆ ಎಲ್ಲವೂ ಕಾಣುತ್ತವೆ.

ಇನ್ನು ಕಾಗದಪತ್ರ. ನಮ್ಮೂರಲ್ಲಿ ಪಹಣಿ, ಋಣಭಾರ ಪತ್ರ, ಚಕ್ಕುಬಂದಿ, ಬಂಡಿದಾರಿ ನೋಡದೆ ಯಾರೂ ಮುಂಗಡ ಕೊಡುವುದಿಲ್ಲ. ಆ ಎಚ್ಚರವನ್ನು ಇಲ್ಲಿ ಬಿಡಬೇಡ. ಬೇಲಿ ಇರುವಲ್ಲೇ ಗಡಿ ಎಂದು ನಂಬದೆ ಸರ್ವೆ ಮಾಡಿಸು. ರಸ್ತೆಯಿಂದ ಜಮೀನಿಗೆ ಬರೆದುಕೊಟ್ಟ ದಾರಿ ಇದೆಯೇ ನೋಡು. ನೆಲದಡಿಯ ಖನಿಜದ ಹಕ್ಕು ಬೇರೆಯವರ ಹೆಸರಿನಲ್ಲಿರುವುದು ಅಮೆರಿಕದಲ್ಲಿ ಸಾಮಾನ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಜೌಗು ಸಂರಕ್ಷಣೆಗೆಂದು ಸರ್ಕಾರದಿಂದ ಹಣ ಪಡೆದು ಹಿಂದಿನ ಒಡೆಯರು ಕರಾರು ಬರೆದುಕೊಟ್ಟಿದ್ದಾರೆಯೇ ವಿಚಾರಿಸು. 1990ರ ಕೃಷಿ ಕಾಯ್ದೆಯಿಂದ ಆರಂಭವಾದ ಈ ಕರಾರುಗಳಲ್ಲಿ ಅನೇಕವು ಶಾಶ್ವತ. ಒಡೆತನ ಬದಲಾದರೂ ಅವು ನೆಲದ ಜೊತೆಗೇ ಬರುತ್ತವೆ. ಅಂಥ ನೆಲದಲ್ಲಿ ಬೇಟೆಯಾಡಬಹುದು, ಮನಸ್ಸಿಗೆ ಬಂದಂತೆ ಕಟ್ಟಲಾಗದು. ಕರಾರಿಲ್ಲದ ಜೌಗಿನಲ್ಲೂ ಮಣ್ಣು ತುಂಬಲು ಸೇನೆಯ ಎಂಜಿನಿಯರ್ ವಿಭಾಗದ ಅನುಮತಿ ಬೇಕಾಗಬಹುದು. ಲಾಡ್ಜಿನ ವಿಷಯದಲ್ಲಿ ಪ್ರವಾಹದ ನಕ್ಷೆ, ವಿಮೆಯ ಕಂತು, ಶೌಚದ ಗುಂಡಿ, ಕುಡಿಯುವ ನೀರು, ಈ ನಾಲ್ಕನ್ನು ನೋಡಿದರೆ ಸಾಕು.

ನೀನಿನ್ನೂ ಎಚ್-1ಬಿ ವೀಸಾದಲ್ಲಿರುವೆ. ಇದನ್ನು ಮನಸ್ಸಿಟ್ಟು ಓದು. ತಾತ್ಕಾಲಿಕ ವೀಸಾದವರು ಬಂದೂಕು, ಮದ್ದು ಇಟ್ಟುಕೊಳ್ಳುವುದನ್ನು ಇಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಅದರ ಅವಧಿ ಮುಗಿಯಲು ಬಿಡಬೇಡ. ಬಿಟ್ಟರೆ ಕೆಲಸ, ವೀಸಾ ಎರಡಕ್ಕೂ ಕುತ್ತು. 1978ರ ಕಾಯ್ದೆಯಂತೆ, ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಕೃಷಿಭೂಮಿ ಕೊಂಡರೆ 90 ದಿನದೊಳಗೆ ಕೃಷಿ ಇಲಾಖೆಗೆ ತಿಳಿಸಬೇಕು. ತಪ್ಪಿದರೆ ಭೂಮಿಯ ಬೆಲೆಯ ಶೇ. 25ರವರೆಗೂ ದಂಡ ಹಾಕಬಹುದು. ವಿದೇಶಿಯರ ಭೂಖರೀದಿಯ ಬಗ್ಗೆ ಹಲವು ರಾಜ್ಯಗಳು ಈಚೆಗೆ ಕಾನೂನು ಬಿಗಿಗೊಳಿಸಿವೆ. ಅರ್ಕಾನ್ಸಾದ ವಕೀಲರನ್ನು ಕೇಳದೆ ಸಹಿ ಹಾಕಬೇಡ.

ಬೇಟೆಯ ನಿಯಮಗಳನ್ನು ಶ್ರದ್ಧೆಯಿಂದ ಕಲಿ. ಬಾತುಗಳಿಗೆ ಸೀಸದ ಗುಂಡು 1991ರಿಂದ ದೇಶವಿಡೀ ನಿಷಿದ್ಧ. ಕಾಳು ಚೆಲ್ಲಿ ಹಕ್ಕಿಗಳನ್ನು ಸೆಳೆಯುವುದು ಅಪರಾಧ. ಚೆಲ್ಲಿದ್ದನ್ನು ಪೂರ್ತಿ ತೆಗೆದ ಮೇಲೂ ಹತ್ತು ದಿನ ಅಲ್ಲಿ ಗುಂಡು ಹಾರಿಸುವಂತಿಲ್ಲ. ಹದಿನಾರು ತುಂಬಿದ ಬಾತು ಬೇಟೆಗಾರರೆಲ್ಲ 25 ಡಾಲರಿನ ಡಕ್ ಸ್ಟ್ಯಾಂಪ್ ಕೊಳ್ಳಬೇಕು. 1934ರಿಂದ ಬಂದಿರುವ ಈ ಸ್ಟ್ಯಾಂಪಿನ ಹಣದಲ್ಲಿ ಡಾಲರಿಗೆ 98 ಸೆಂಟು ಜೌಗು ಪ್ರದೇಶಗಳ ರಕ್ಷಣೆಗೆ ಹೋಗುತ್ತದೆ. ಹಕ್ಕಿ ಕೊಲ್ಲುವುದು ನಿನ್ನಮ್ಮನಿಗೆ ಹಿಡಿಸದು, ನೀನು ಬಲ್ಲೆ. ಭಾರತದಲ್ಲಿ 1972ರ ಕಾಯ್ದೆ ಅದನ್ನು ತಡೆದದ್ದೂ ಸರಿಯೇ. ಮುಚ್ಚಿಡದೆ ಅವಳಿಗೆ ಹೇಳು. ಅವಳು ಒಪ್ಪದಿರಬಹುದು, ಆದರೆ ಮಗ ಸುಳ್ಳು ಹೇಳಲಿಲ್ಲ ಎಂಬುದಾದರೂ ಉಳಿಯುತ್ತದೆ.

ಮೂವರು ಸೇರಿ ಕೊಳ್ಳುವುದಾದರೆ ಸ್ನೇಹ ಚೆನ್ನಾಗಿರುವಾಗಲೇ ಒಪ್ಪಂದ ಬರೆಯಿರಿ. ಒಬ್ಬ ಬಿಟ್ಟು ಹೋದರೆ ಅವನ ಪಾಲಿಗೆ ಬೆಲೆ ಕಟ್ಟುವುದು ಹೇಗೆ, ಪಂಪು ಕೆಟ್ಟರೆ ದುಡ್ಡು ಯಾರದು, ಅತಿಥಿಗಳು ಎಷ್ಟು ಜನ, ಎಲ್ಲವೂ ಅದರಲ್ಲಿರಲಿ. ಬೇಟೆಯ ಹಂಗಾಮು ಸುಮಾರು 60 ದಿನ. ಉಳಿದ 300 ದಿನ ಹುಲ್ಲು ಕಡಿಯುವವರು, ತೂಬು ನೋಡುವವರು, ತೆರಿಗೆ ಕಟ್ಟುವವರು ಯಾರೆಂದು ಹೆಸರು ಹಚ್ಚಿ ಬರೆಯಿರಿ. ಆ ಪಟ್ಟಿಯಲ್ಲಿ ನಿನ್ನ ಹೆಸರು ಬರೆಯಲು ಮನಸ್ಸಾಗದಿದ್ದರೆ ಕೊಳ್ಳಬೇಡ.

ಅವಸರವಿಲ್ಲ. ಒಂದು ಹಂಗಾಮು ಅದೇ ಸೀಮೆಯಲ್ಲಿ ಬೇಟೆಯ ಹಕ್ಕನ್ನು ಗುತ್ತಿಗೆ ಹಿಡಿ. ಅಲ್ಲಿನ ಭತ್ತದ ರೈತರ ಜೊತೆ ಮಾತಾಡು, ನೀರಿನ ಚರಿತ್ರೆ ಗೊತ್ತಿರುವುದು ಅವರಿಗೇ. ಆಮೇಲೂ ಆಸೆ ಹಾಗೇ ಇದ್ದರೆ ಮುಂಗಡ ಕೊಡುವ ಮೊದಲು ನನಗೆ ಫೋನ್ ಮಾಡು. ಆಗಸ್ಟ್‌ನಲ್ಲಿ ನಾನೂ ಬರುತ್ತೇನೆ, ಏರಿಯ ಉದ್ದಕ್ಕೂ ಒಟ್ಟಿಗೆ ನಡೆಯೋಣ.

ನಿನ್ನ ದೊಡ್ಡಪ್ಪ